ಎರಡು ಒಲೆಗೆ ಒಂದು ವೈಫೈ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಿನ್ಸಿಪಾಲರೇ, ಎರಡು ತಿಂಗಳು ಬಿಸಿಲಲ್ಲಿ ನಮ್ಮೂರಿನ ಓಣಿ ಓಣಿ ತಿರುಗಿದ ಕಾಲೇಜು ಮಕ್ಕಳೇ, ಸಗರದಿಂದ ಟಂಟಂ ತುಂಬಿ ಶಹಾಪುರಕ್ಕೆ ಬಂದಿಳಿದ ಸಭಿಕರೇ, ಮತ್ತು ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತಿರುವ ಮರಿಲಿಂಗಪ್ಪನವರೇ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಈ ಮಕ್ಕಳು ನಮ್ಮೂರಿನ ಮನೆ, ಫೋನು, ಸಂತೆ ಎಲ್ಲ ಬರೆದುಕೊಂಡು ಒಂದು ವರದಿ ಮಾಡಿದ್ದಾರೆ. ನಾಳೆ ಅಚ್ಚಿಗೆ ಹೋಗುತ್ತದಂತೆ. ತಪ್ಪು ಇದ್ದರೆ ಇವತ್ತೇ ಹೇಳಿ ಎಂದು ಊರಿನ ಪರವಾಗಿ ನನ್ನನ್ನು ನಿಲ್ಲಿಸಿದ್ದಾರೆ. ಹೇಳುತ್ತೇನೆ. ಮುಂದಿನ ಸಾಲಿನವರು ಫೋನು ಜೇಬಿಗೆ ಹಾಕಿ. ನಿಮ್ಮ ಬಗ್ಗೆಯೇ ಮಾತಾಡುತ್ತಿದ್ದೇನೆ.

ಮೊದಲು ಸ್ಲ್ಯಾಬಿನ ವಿಷಯ. ಕಾಲುವೆ ನೀರು ಬಂದ ಮೇಲೆ ನಾವು ಜೋಳ ಬಿಟ್ಟು ಭತ್ತ ಹಾಕಿದೆವು, ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿದೆವು. ಬೇಸಿಗೆಯಲ್ಲಿ ಅದರ ಕೆಳಗೆ ಮಲಗುವವರು ಎಷ್ಟು ಮಂದಿ? ಹತ್ತು ಮನೆಗೆ ಒಂದು ಮನೆಯವರು. ಉಳಿದವರೆಲ್ಲ ಅದರ ಮೇಲೆ ಮಲಗುತ್ತಾರೆ. ಫ್ರಿಜ್ಜು ನೂರಾ ನಾಲ್ಕು ಮನೆಯಲ್ಲಿದೆ. ಅದರಲ್ಲಿ ಮೂವತ್ತು ಫ್ರಿಜ್ಜಿನೊಳಗೆ ಇರುವುದು ಹತ್ತಿ ಬೀಜ ಮತ್ತು ಹೊಲದ ಕಾಗದ. ಫೋನಿನಲ್ಲಿ ನಮ್ಮವರು ಏನು ಹೆಚ್ಚು ನೋಡುತ್ತಾರೆ? ಹತ್ತಿಯ ದರವೆಂದು ನಾನು ತಿಳಿದಿದ್ದೆ. ಅಲ್ಲ. ಯಾರೋ ಎಲ್ಲೋ ಮನೆ ಕಟ್ಟುವುದನ್ನು ನೋಡುತ್ತಾರೆ. ತಮ್ಮ ಮನೆಯ ಇಟ್ಟಂಗಿ ಗೋಡೆ ಗಿಲಾವು ಕಾಣದೆ ಮೂರು ವರ್ಷದಿಂದ ಹಾಗೇ ಇದೆ. ನಗಬೇಡಿ, ನಿಮ್ಮದೂ ಹಾಗೇ ಇದೆ.

ಇವೆಲ್ಲ ಸರಿ. ತಪ್ಪು ಇರುವುದು ಇಪ್ಪತ್ತೆರಡನೆಯ ಪುಟದಲ್ಲಿ. ಈಗ ತಾನೇ ಈ ಮಕ್ಕಳ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದರು, ನೀವೆಲ್ಲ ನಕ್ಕಿರಿ. ಎಂಬತ್ತೇಳು ಮತ್ತು ಎಂಬತ್ತೆಂಟನೆಯ ಮನೆ, ಬಾಗಿಲು ಬೇರೆ, ಒಲೆ ಬೇರೆ, ನಡುವೆ ಗೋಡೆ, ಎರಡಕ್ಕೂ ವೈಫೈ ಒಂದೇ. ಹೆಸರು ಬರೆದಿಲ್ಲ. ಸಗರದಲ್ಲಿ ಹೆಸರು ಬರೆಯಬೇಕೇ? ಎಂಬತ್ತೇಳು ನನ್ನದು. ಎಂಬತ್ತೆಂಟು ನನ್ನ ತಮ್ಮನದು. ಆಗಲೇ ಹೇಳಿದೆನಲ್ಲ, ಫ್ಯಾನಿನ ಕೆಳಗೆ.

ಹನ್ನೊಂದು ವರ್ಷದ ಹಿಂದೆ ನನ್ನ ಪಾಳಿಯ ದಿನ ಅವನು ತೂಬಿನ ನೀರು ತಿರುಗಿಸಿಕೊಂಡ. ಅವನ ಸಸಿ ಒಣಗುತ್ತಿತ್ತು. ಕೇಳಿದ್ದರೆ ಕೊಡುತ್ತಿದ್ದೆ. ಕೇಳಲಿಲ್ಲ. ನಾನು ಕಾಲುವೆ ದಂಡೆಯ ಮೇಲೆ ನಾಲ್ಕು ಜನರ ಮುಂದೆ ಅವನನ್ನು ಕಳ್ಳ ಅಂದೆ. ಆಮೇಲೆ ನಡುಮನೆಯಲ್ಲಿ ಗೋಡೆ ಎದ್ದಿತು. ಒಬ್ಬರ ಗೋಡೆ ಇನ್ನೊಬ್ಬರಿಗೆ ಬೇಡವಾಗಿ, ನನ್ನ ಕಡೆಯಿಂದ ನಾನೊಂದು ಇಟ್ಟಂಗಿ ಸಾಲು ಕಟ್ಟಿದೆ, ಅವನ ಕಡೆಯಿಂದ ಅವನೊಂದು. ಒಂದಕ್ಕೊಂದು ಬೆನ್ನು ಹಚ್ಚಿ ಆಳೆತ್ತರದ ಎರಡು ಗೋಡೆ.

ಈ ಮಕ್ಕಳಲ್ಲಿ ಮೌನಮ್ಮ ಎಂಬ ಹುಡುಗಿ ಫಾರಮ್ಮು ಹಿಡಿದು ನಮ್ಮ ಮನೆಗೆ ಬಂದಳು. ಒಲೆ ಲೆಕ್ಕ ಹಿಡಿದು ಮನೆ ಎಣಿಸಬೇಕೆಂದು ಅವಳಿಗೆ ಕಲಿಸಿದ್ದರು.

"ಅಜ್ಜಾ, ಮನ್ಯಾಗ ಒಲಿ ಎಷ್ಟು ಅದಾವ್ರಿ?"

"ಒಂದು."

"ಗ್ವಾಡಿ ಆಚಿಗೂ ಕುಕ್ಕರ್ ಸೀಟಿ ಹೊಡ್ಯಾಕತ್ತದಲ್ರಿ."

"ಅದು ಬ್ಯಾರೆಯವ್ರದು."

"ಬ್ಯಾರೆಯವ್ರಂದ್ರ ಯಾರ್ರಿ?"

"ಅದನ್ನ ಬರಿಯಾಕ ನಿನ್ನ ಫಾರಮ್ಮಿನ್ಯಾಗ ಜಾಗ ಅದ ಏನು?"

ಜಾಗ ಇರಲಿಲ್ಲ. ಎರಡು ಮನೆ ಎಂದು ಬರೆದುಕೊಂಡಳು. ಆಮೇಲೆ ವೈಫೈ ಕೇಳಿದಳು. ನಮ್ಮಲ್ಲಿ ಫೋನು ಮೂರು, ಅದಕ್ಕೆ ಹತ್ತಿಕೊಂಡದ್ದು ಏಳು. ಪಾಸ್‌ವರ್ಡು ಆಚೆಗೆ ನಾನು ಹೇಳಿಲ್ಲ. ಅದಕ್ಕೆ ನಮ್ಮವ್ವನ ಹೆಸರು ಇಟ್ಟಿದ್ದೆ, ತಿಮ್ಮವ್ವ ಅಂತ. ಆ ಮನೆಯವರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೇ? ಆರು ವರ್ಷವಾಯಿತು. ಬದಲಿಸು ಎಂದು ಫೋನಿನ ಅಂಗಡಿಯ ಮಕ್ತುಮಸಾಬ ಎಷ್ಟೋ ಸಲ ಹೇಳಿದ. ನನಗೆ ಬದಲಿಸಲು ಬರುವುದಿಲ್ಲ. ಕಲಿಯಲೂ ಇಲ್ಲ.

ಕೊನೆಗೆ ವಾರದ ಸಂತೆಯ ಪಟ್ಟಿ. ನನ್ನ ಹೆಂಡತಿ ಗುರುಲಿಂಗಮ್ಮ ಬರೆಸಿದಳು. ಎಣ್ಣೆ, ಬ್ಯಾಳಿ, ಸಾಬೂನು, ಸಕ್ಕರೆ ಇಲ್ಲದ ಬಿಸ್ಕೀಟು ಎರಡು ಪಾಕೀಟು.

"ಶುಗರ್ ಯಾರಿಗೆ ಅದ್ರಿ ಅಮ್ಮಾ?"

"ನಮ್ಮನ್ಯಾಗ ಯಾರಿಗೂ ಇಲ್ಲವ್ವ."

"ಮತ್ತ ಯಾರು ತಿಂತಾರ್ರಿ?"

"ತರಾವ್ರನ್ನ ಕೇಳು."

ಇಲಿ ತಿನ್ನುತ್ತದೆ ಎಂದೆ ನಾನು. ಸುಳ್ಳಲ್ಲ. ಗೋಡೆಯ ಮೇಲೆ ಇಡುತ್ತೇನೆ, ಬೆಳಗಾದರೆ ಇರುವುದಿಲ್ಲ. ಇಲಿಗೂ ಶುಗರ್ ಬರುತ್ತದೆಯೇ ಎಂದು ಮಾಸ್ತರರು ನನ್ನನ್ನು ಕೇಳಬಾರದು. ಖಾಲಿ ಪಾಕೀಟನ್ನು ನಾಲ್ಕು ಮಡಿಕೆ ಮಾಡಿ, ಹಾರಬಾರದೆಂದು ಮೇಲೆ ಕಲ್ಲಿಟ್ಟು ಹೋಗುವ ಇಲಿ ಅದು. ಚಿಕ್ಕಂದಿನಲ್ಲಿ ಶಾಲೆಯ ಪುಸ್ತಕವನ್ನೂ ಅಷ್ಟೇ ಅಚ್ಚುಕಟ್ಟಾಗಿ ಇಡುತ್ತಿತ್ತು. ಅದು ಹತ್ತನೆಯ ಇಯತ್ತೆ ಓದಲೆಂದೇ ನಾನು ಶಾಲೆ ಬಿಟ್ಟು ಹೊಲದಲ್ಲಿ ಗಳೆ ಹೊಡೆದದ್ದು. ಇರಲಿ, ಅದು ಈ ವರದಿಯ ವಿಷಯವಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ನನ್ನ ತಿದ್ದುಪಡಿ ಇಷ್ಟೇ. ನಮ್ಮೂರಿನಲ್ಲಿ ಮುನ್ನೂರ ಹದಿನೆಂಟು ಮನೆ ಎಂದು ಬರೆದಿದ್ದೀರಿ. ಮುನ್ನೂರ ಹದಿನೇಳು ಎಂದು ಬರೆಯಿರಿ. ನನ್ನೊಬ್ಬನ ಮಾತಿನ ಮೇಲೆ ತಿದ್ದಲು ಬರುವುದಿಲ್ಲ ಎನ್ನುತ್ತಾರೆ ಮಾಸ್ತರರು, ಎಂಬತ್ತೆಂಟನೆಯ ಮನೆಯವರೂ ಒಪ್ಪಬೇಕಂತೆ. ಅವರ ಮನೆಗೆ ಹೋಗಿ ಕೇಳಲು ನನ್ನ ಕಾಲು ಏಳಲಿಲ್ಲ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಏಳಲಿಲ್ಲ. ಅದಕ್ಕೇ ಈ ಮೈಕು ಒಪ್ಪಿಕೊಂಡೆ. ಇದರಲ್ಲಿ ಹೇಳಿದರೆ ಕೇಳಿಸಲಿಲ್ಲ ಎನ್ನುವಂತಿಲ್ಲ.

ಅವತ್ತು ನಾನು ಕಳ್ಳ ಅಂದದ್ದು ತಪ್ಪು. ನಾಲ್ಕು ಜನರ ಮುಂದೆ ಅಂದಿದ್ದೆ, ನಾನೂರು ಜನರ ಮುಂದೆ ವಾಪಸು ತಗೊಂಡಿದ್ದೇನೆ.

ಚಪ್ಪಾಳೆ ಬೇಡ. ಕೈ ಇಳಿಸಿ.

ನಾಳೆ ಬೆಳಗ್ಗೆ ಹಾರೆ ಹಿಡಿದು ನನ್ನ ಕಡೆಯ ಇಟ್ಟಂಗಿ ಕೀಳುತ್ತೇನೆ. ಅದು ನಾನು ಕಟ್ಟಿದ್ದು, ನನಗೆ ಹಕ್ಕಿದೆ. ಅದರ ಹಿಂದೆ ಇರುವುದು ಮರಿಲಿಂಗಪ್ಪನವರ ಗೋಡೆ. ಅದಕ್ಕೆ ನಾನು ಕೈ ಹಚ್ಚುವುದಿಲ್ಲ. ಅದು ನಿಂತರೂ ಅವರದು, ಬಿದ್ದರೂ ಅವರದು. ಮೌನಮ್ಮಾ, ಅಚ್ಚಿಗೆ ಕಳಿಸುವ ಮೊದಲು ಒಂದು ಸಲ ಬಂದು ನೋಡಿ ಹೋಗು. ಕಂಡದ್ದನ್ನು ಬರೆದುಕೋ.

ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಉಪಕಾರವಾಯಿತು. ನಡುವೆ ಎದ್ದು ಹೋಗದೆ ಕುಳಿತವರಿಗೆ ಇನ್ನೂ ಹೆಚ್ಚು. ನಮಸ್ಕಾರ.