ಸೆಕೆಂಡಿಗೆ ನೂರು ಸಲ ಕ್ಷೇಮ ಸಮಾಚಾರ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮ ಆಸ್ಪತ್ರೆಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವವನೆಂದು ಮಾತಿನಿಂದಲೇ ತಿಳಿಯಿತು.

"ಸಾಫ್ಟ್‌ವೇರ್ ನಿಧಾನ ಆದ್ರೆ ನೀನಿಟ್ಟ ಅಲಾರಂ ಹೊಡೆಯುತ್ತೆ ಅಂತಿದ್ಯಲ್ಲೋ?"

"ಹೊಡೀತಾನೇ ಇತ್ತಕ್ಕಾ. ಯಾಕೆ ನಿಧಾನ ಅಂತ ಮಾತ್ರ ಹೇಳ್ತಿರ್ಲಿಲ್ಲ. ಮಹಾ ಜಾಣ ನಾನು, ಜೊತೆಯವಳ ಕೆಲಸಾನೇ ಸರಿಯಿಲ್ಲ ಅಂತ ಎಲ್ಲರೆದುರು ಬೈದೆ."

"ಆಮೇಲೆ?"

"ಯಾವ ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿನ್ನೆ ಅವಳೇ ಒಳಗೆಲ್ಲ ಅಳತೆ ಇಟ್ಟಳು. ತಡ ಮಾಡ್ತಿದ್ದದ್ದು ನನ್ನ ಅಲಾರಮ್ಮೇ! ಸೆಕೆಂಡಿಗೆ ನೂರು ಸಲ ಸಾಫ್ಟ್‌ವೇರನ್ನ 'ಚೆನ್ನಾಗಿದ್ದೀಯಾ?' ಅಂತ ಕೇಳ್ತಿತ್ತು."

"ಪಾಪ, ಉತ್ತರ ಹೇಳೋದ್ರಲ್ಲೇ ಅದರ ಹೊತ್ತೆಲ್ಲ ಹೋಗಿದೆ."

"ನಗಬೇಡ. ಇವತ್ತು ಅವಳಿಗೆ ಮುಖ ತೋರಿಸಬೇಕು."

"ಬೈದದ್ದು ಎಲ್ಲರೆದುರು ತಾನೇ? ತಪ್ಪಾಯ್ತು ಅಂತಲೂ ಎಲ್ಲರೆದುರೇ ಹೇಳು."

ಬಸ್ಸು ಬಂತು.

"ಮುಂದಿನ ಬಸ್ಸಿಗೆ ಹೋಗ್ಲಾ ಅಕ್ಕಾ?"

ಅಕ್ಕ ಅವನ ಚೀಲವನ್ನು ಬಸ್ಸಿನ ಒಳಗಿಟ್ಟಳು. ಚೀಲದ ಹಿಂದೆ ಅವನೂ ಹತ್ತಿದ.