ಹಡೆಯದ ಬಸುರಿ ಮೀನು

ಕೇಳ್ರಪ್ಪೋ ಕೇಳಿ. ಕಿವಿ ಇದ್ದೋರು ಕಿವಿ ಕೊಡಿ, ಇಲ್ಲದೋರು ಪಕ್ಕದೋರ ಕಿವಿ ಹಿಂಡಿ ಎರವಲು ತಗೊಳ್ಳಿ. ಯಾವುದೋ ಒಂದು ಕಾಲ, ಯಾವುದೋ ಒಂದು ಸೀಮೆ. ಅಲ್ಲೊಂದು ಕೆರೆ, ಏರಿ ಕೆಳಗೊಂದು ಬೆಸ್ತರ ಕೇರಿ. ಊರ ಹೆಸರು ಮಾತ್ರ ಕೇಳಬೇಡಿ. ಕೇಳಿದರೆ ನಿಮ್ಮೂರ ಹೆಸರೇ ಹೇಳಿಬಿಟ್ಟೇನು.

ಆ ಕೇರಿಯಲ್ಲಿ ಸಣ್ಣೀರಿ ಅಂತ ಒಬ್ಬ ಹೆಂಗಸು. ಗಂಡ ಜವರ ಬಲೆ ಬೀಸೋನು, ಅತ್ತೆ ಕಾಳವ್ವ ಬಾಯಿ ಬೀಸೋಳು. ಸಣ್ಣೀರಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಜಾರಿಹೋಗಿತ್ತು.

ಕೇರಿಗೊಂದು ಕಟ್ಟಳೆ. ಬಲೆಗೆ ಹೊಟ್ಟೆ ಉಬ್ಬಿದ ಮೀನು ಬಿದ್ದರೆ ಅದು ಬಸುರಿ. ಕೊಯ್ಯೋ ಹಾಗಿಲ್ಲ. ಹಣೆಗೆ ಕುಂಕುಮ ಇಟ್ಟು, “ಹೋಗಿ ಹಡೆದು ಬಾರವ್ವ” ಅಂತ ನೀರಿಗೆ ಬಿಡಬೇಕು. ಮೀನಿಗೆ ಹಣೆ ಎಲ್ಲಿ ಅಂತೀರಾ? ಕುಂಕುಮ ಇಟ್ಟ ಕಡೆ ಹಣೆ, ಸುಮ್ನಿರಿ. ಒಳ್ಳೇ ಕಟ್ಟಳೆಯೇ ಅದು. ಅಜ್ಜ ಮುತ್ತಜ್ಜರ ಹೊಟ್ಟೆ ತುಂಬಿದ್ದೇ ಅದರಿಂದ.

ಒಂದು ವರ್ಷ ಎಲ್ಲಿಂದಲೋ ಬೆಳ್ಳಕ್ಕಿ ಹಿಂಡು ಬಂದು ಕೆರೆ ಅಂಚಿಗೆ ಇಳೀತು. ಮುಂದಿನ ಮಳೆಗೆ ನೋಡ್ತಾರೆ, ಬಸುರಿ ಮೀನೋ ಬಸುರಿ ಮೀನು!

“ಬೆಳ್ಳಕ್ಕಿ ಕಾಲ್ಗುಣ ಕಣ್ರಯ್ಯ,” ಅಂದ ಕೇರಿ ಯಜಮಾನ ಮುದ್ದನಾಯ್ಕ, ಮೀಸೆ ತಿರುವುತ್ತ. “ಹಡೀಲಿ ಬಿಡಿ. ಬರೋ ವರ್ಷ ಕೆರೇಲಿ ನೀರಿಗೇ ಜಾಗ ಇರಲ್ಲ.”

ಬಂತು ಬರೋ ವರ್ಷ. ಉಬ್ಬಿದ್ದನ್ನ ಬಿಟ್ರು, ಉಬ್ಬದ್ದನ್ನ ತಿಂದ್ರು. ಅದರ ಮುಂದಿನ ವರ್ಷ. ಉಬ್ಬಿದ್ದನ್ನ ಬಿಟ್ರು, ಉಬ್ಬದ್ದನ್ನ ತಿಂದ್ರು. ಮೂರನೇ ವರ್ಷಕ್ಕೆ ಬಿಡೋದಷ್ಟೇ ಉಳೀತು, ತಿನ್ನೋದು ಉಳೀಲಿಲ್ಲ. ಮೀನಿಲ್ಲದ ಬೆಸ್ತರಿಗೆ ರಾಗಿ ಕೊಡೋರು ಯಾರು? ಒಲೆ ಮೇಲೆ ಬರೀ ನೀರು ಕುದೀತು.

ಸಣ್ಣೀರಿಗೆ ಮೂರನೇ ಬಸಿರು ನಿಂತದ್ದು ಇಂಥ ಕಾಲದಲ್ಲಿ. ಅವಳ ಕೈ ಸದಾ ಹೊಟ್ಟೆ ಮೇಲೆ. ಸಂತೇಲಿ ನಿಮ್ಮ ಕೈ ಜೇಬಿನ ಮೇಲೆ ಇರ್ತದಲ್ಲ, ಹಾಗೆ.

ಒಂದು ಬೆಳಗ್ಗೆ ಜವರನ ಬಲೆಗೆ ಗೆಂಡೆ ಮೀನೊಂದು ಬಿತ್ತು. ಹೊಟ್ಟೆ ಗುಡಾಣ. ಸಣ್ಣೀರಿ ತನ್ನ ಸೆರಗಿಂದ ಕೆಂಪು ಎಳೆ ಕಿತ್ತು ಅದರ ರೆಕ್ಕೆಗೆ ಕಟ್ಟಿದಳು. “ನೀನೂ ಬಸುರಿ, ನಾನೂ ಬಸುರಿ. ಯಾರು ಮೊದಲು ಹಡೀತಾರೋ ನೋಡೋಣ ಕಣೆ ತಂಗಿ,” ಅಂತ ನಕ್ಕು ಬಿಟ್ಟಳು.

ಸಣ್ಣೀರಿಯ ಹೊಟ್ಟೆ ಸೆರಗಿಗೆ ಮೀರಿ ಕಂಡಿತು. ಅದೇ ಗೆಂಡೆ ಮತ್ತೆ ಬಿತ್ತು, ಅದೇ ಕೆಂಪು ಎಳೆ. “ಇನ್ನೂ ಹಡೀಲಿಲ್ವೇನೇ?” ಅಂತ ಅರ್ಧ ನಕ್ಕು ಬಿಟ್ಟಳು.

ಕೂಸು ಒಳಗಿಂದ ಒದೆಯೋ ಹಾಗಾಯ್ತು. ಮಳೆ ಹುಯ್ದು ಹಳ್ಳಕ್ಕೆ ಹೊಸ ನೀರು ಬಂತು. ಮೊಟ್ಟೆ ಇಡೋಕೆ ಆ ನೀರಿಗೆ ಹತ್ತಬೇಕಾದ ಮೀನು ಒಂದೂ ಹತ್ತಲಿಲ್ಲ. ಕೆಂಪು ಎಳೆಯ ಗೆಂಡೆಗೆ ಈ ಸಲ ಬಲೆ ಕೂಡ ಬೇಕಿರಲಿಲ್ಲ. ನೀರ ಮೇಲೆ ಓಲಾಡ್ತಿತ್ತು, ಬೊಗಸೇಲೇ ಬಂತು. ತಲೆ ಒಣಗಿ ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಸಣ್ಣೀರಿ ನಗಲಿಲ್ಲ.

“ಅತ್ತೆ, ಇದು ನನ್ನ ಜೊತೆಗೇ ಬಸುರಿ. ಅಲ್ಲಿಂದ ಹಂಗೇ ಐತೆ. ಹಡೆಯದ ಬಸಿರು ಬಸಿರೇನತ್ತೆ?”

“ಬಾಯ್ಮುಚ್ಚೆ! ಬಸುರಿ ಹೊಟ್ಟೆಗೆ ಚೂರಿ ಇಟ್ಟೋಳು ತನ್ನ ಹೊಟ್ಟೆಗೇ ಇಟ್ಕೊಂಡಂಗೆ. ಎರಡು ಕಳ್ಕೊಂಡಿದ್ದು ಸಾಲ್ದಾ ನಿಂಗೆ?”

“ಒಳಗಿರೋದು ಒದೆಯೋದ್ನ ಕಮ್ಮಿ ಮಾಡೈತೆ ಅತ್ತೆ. ಅದಕ್ಕೂ ಹಸಿವು.”

ಕಾಳವ್ವ ಒಲೆ ಮೇಲೆ ಕುದೀತಿದ್ದ ಬರೀ ನೀರನ್ನ ಇಳಿಸಿಟ್ಟಳು. “ಬ್ಯಾಡ ಕಣಮ್ಮಿ,” ಅಂದ ಜವರ, ನೆಲ ನೋಡುತ್ತ.

ಅವಳಿಗೆ ಭಯ ಇರಲಿಲ್ವಾ? ಇತ್ತು. ಕೊಯ್ದರೆ ಶಾಪ, ಕೊಯ್ಯದಿದ್ದರೆ ಹಸಿವು. ಅತ್ತ ದರಿ, ಇತ್ತ ಪುಲಿ. ಒಂದು ಕೈ ತನ್ನ ಹೊಟ್ಟೆ ಮೇಲಿಟ್ಟಳು, ಇನ್ನೊಂದು ಕೈಲಿ ಮೀನಿನ ಹೊಟ್ಟೆ ಸೀಳಿದಳು.

ಮೊಟ್ಟೆ ಇರಲಿಲ್ಲ. ಒಂದೇ ಒಂದು ಕಾಳು ಮೊಟ್ಟೆ ಇರಲಿಲ್ಲ. ಇದ್ದದ್ದು ಹುಳ. ಬಿಳೀ ಹುಳ, ಚಪ್ಪಟೆ ಹುಳ, ಚಡ್ಡಿ ಲಾಡಿಯಷ್ಟು ಉದ್ದದ ಹುಳ. ನಗಬೇಡಿ. ನಿಮ್ಮ ಲಾಡಿ ಸುಮ್ಮನಿರ್ತದೆ, ಇದು ಹೊರಳಾಡ್ತಿತ್ತು. ಮೊಟ್ಟೆ ಇರಬೇಕಾದ ಜಾಗದಲ್ಲೆಲ್ಲ ಅದೇ ಸುತ್ತಿಕೊಂಡು ಕೂತಿತ್ತು.

ಮೀನನ್ನು ಮೊರದಲ್ಲಿಟ್ಟುಕೊಂಡು ಯಜಮಾನನ ಜಗಲಿಗೆ ಹೋದಳು.

“ನಾಯ್ಕರೇ, ನಾವು ಕುಂಕುಮ ಇಟ್ಟಿದ್ದು ಇದಕ್ಕೆ. ಉಬ್ಬಿದ್ದನ್ನೆಲ್ಲ ಹಿಡಿದು ಹೂಳಿ. ಹುಳ ಇಲ್ಲದ ನಾಕು ಮೀನು ಉಳಿದಿದ್ರೆ ಅವಾದರೂ ಹಡೀಲಿ.”

ಮುದ್ದನಾಯ್ಕನ ಮೀಸೆ ಇಳಿಬಿತ್ತು. ಕೇರಿಯೋರು ಮೂಗು ಮುಚ್ಚಿಕೊಂಡು ಬಗ್ಗಿ ಬಗ್ಗಿ ನೋಡಿದರು. “ನಾಳೆ ಹೂಳೋಣ,” ಅಂದ ನಾಯ್ಕ.

ನಾಳೆ ಅಂದೋನ ಮನೆ ಹಾಳು ಅನ್ನೋದು ಸುಮ್ನೆ ಅಲ್ಲ. ಆವತ್ತು ಸಂಜೆಯೇ ಸಣ್ಣೀರಿಗೆ ನೋವು ಬಂತು. ಹಡೆದಳು. ಕೂಸು ಅಳಲಿಲ್ಲ. ಬೆನ್ನು ತಟ್ಟಿದರು, ಅಳಲಿಲ್ಲ. ತಣ್ಣೀರು ಚಿಮುಕಿಸಿದರು, ಅಳಲಿಲ್ಲ. ಕಾಳವ್ವ ಕಾಲು ಹಿಡಿದು ತಲೆಕೆಳಗೆ ಮಾಡಿದಳು, ಅಳಲಿಲ್ಲ.

“ನೋಡಿದ್ರಾ?” ಅಂದ ಮುದ್ದನಾಯ್ಕ. ಮೀಸೆ ಮತ್ತೆ ಮೇಲೆದ್ದಿತ್ತು. “ಚೂರಿ ಎಲ್ಲಿಗೆ ಹೋಗಿ ತಾಗ್ತು ನೋಡಿದ್ರಾ?”

“ಹಸಿವು ಕೊಂದಿದ್ದು, ಚೂರಿಯಲ್ಲ,” ಅಂದಳು ಸಣ್ಣೀರಿ. ಯಾರು ಕೇಳ್ತಾರೆ? ಸತ್ತ ಕೂಸಿನಷ್ಟು ದೊಡ್ಡ ಸಾಕ್ಷಿ ಯಾವ ನ್ಯಾಯದಲ್ಲಿ ಸಿಕ್ಕೀತು?

ಉಬ್ಬಿದ್ದನ್ನ ಬಿಟ್ರು. ಉಬ್ಬದ್ದು ಸಿಕ್ಕರೆ ತಿಂದ್ರು. ಕಡೆಗೆ ಇಡೀ ಕೆರೆಗೆ ಒಂದೇ ಮೀನು. ಅದೂ ಉಬ್ಬಿದ್ದು. ಕೇರಿಯೋರು ಏನು ಮಾಡಿದರು ಗೊತ್ತಾ? ಸೀಮಂತ ಮಾಡಿದರು! ಹೂ ಮುಡಿಸಿದರು, ಆರತಿ ಎತ್ತಿದರು, ಸೋಬಾನೆ ಹಾಡಿದರು. ಬಳೆ ತೊಡಿಸೋಕೆ ಕೈ ಹುಡುಕಿದರು, ಸಿಗಲಿಲ್ಲ. “ಹೋಗಿ ಹಡೆದು ಬಾರವ್ವ” ಅಂತ ನೀರಿಗೆ ಬಿಟ್ಟರು.

ಆರತಿ ದೀಪ ಇನ್ನೂ ಆರಿರಲಿಲ್ಲ. ಬೆಳ್ಳಕ್ಕಿಯೊಂದು ಎರಡು ಹೆಜ್ಜೆ ಇಟ್ಟು ಬಂದು, ಗುಳುಕ್ ಅಂತ ನುಂಗಿ, ಹಾರಿಹೋಯಿತು. ಕೂಸು ಸತ್ತವಳನ್ನು ಸೀಮಂತಕ್ಕೆ ಯಾರು ಕರೀತಾರೆ? ಸಣ್ಣೀರಿ ಏರಿ ಮೇಲೆ ಒಬ್ಬಳೇ ಕೂತಿದ್ದಳು. ಬೆಳ್ಳಕ್ಕಿ ಹಾರಿದ ದಿಕ್ಕು ನೋಡಿದಳು. ಹಿಂಡು ಬಂದ ಮೇಲೇ ಮೀನು ಉಬ್ಬಿದ್ದು ಅನ್ನೋದು ಅವಳಿಗೆ ಆಗ ಹೊಳೀತು.

ಹಕ್ಕಿ ಹೊಟ್ಟೇಲಿ ಹುಳ ಸಾಯಲ್ಲ ಕಣ್ರಪ್ಪ. ಅಲ್ಲೇ ಮೊಟ್ಟೆ ಇಡ್ತದೆ. ಹಕ್ಕಿ ಹಿಕ್ಕೆ ಹಾಕಿದ ಕೆರೇಲಿ ಆ ಮೊಟ್ಟೆ, ಅಲ್ಲಿಂದ ಮತ್ತೆ ಮೀನಿನ ಹೊಟ್ಟೆಗೆ. ಇಡೀ ಕಥೇಲಿ ಸುಖವಾಗಿ ಹಡೆದದ್ದು ಆ ಹುಳ ಒಂದೇ.

ಸಣ್ಣೀರಿ ಮನೆಗೆ ಬಂದು, ಹಕ್ಕಿ ಹಾರಿದ ದಿಕ್ಕಿಗೇ ಹೊರಟು ನಿಂತಳು. ಕಾಳವ್ವ ಚೂರಿಯನ್ನು ಕಲ್ಲಿಗೆ ಮಸೆದು ಸೊಸೆ ಕೈಗಿಟ್ಟಳು.

“ಹೋಗು ಮಗ. ಮುಂದಲ ಊರಲ್ಲೂ ಯಾವಳೋ ಒಬ್ಬಳು ಬಸುರಿ ಇರ್ತಾಳೆ.”

ಕೆರೆ ಬತ್ತಿದರೂ ಬತ್ತದ ಕಥೆ ಇದು, ಇಲ್ಲಿಗೆ ದಡ ಸೇರಿತು. ಸೊಂಟಕ್ಕೆ ಚೂರಿ ಸಿಕ್ಕಿಸಿದ ಹೆಂಗಸೊಬ್ಬಳು ನಿಮ್ಮ ಕೆರೆ ಏರಿ ಮೇಲೆ ನಿಂತು, “ನಿಮ್ಮೂರ ಮೀನು ಹಡೆದವಾ?” ಅಂತ ಕೇಳಿದರೆ ಕಾಲ್ಗುಣ ಗೀಲ್ಗುಣ ಅನ್ನಬೇಡಿ. ಹೋಗಿ ನೋಡಿ ಬಂದು ಹೇಳಿ.

ಆ ಬೆಳ್ಳಕ್ಕಿ ಯಾವ ಊರ ಕಡೆ ಹಾರಿತು ಅಂದ್ರಾ? ಆಗಲೇ ಹೇಳಿದ್ದೆನಲ್ಲ, ಊರ ಹೆಸರು ಕೇಳಬೇಡಿ ಅಂತ.