ಆರ್ವಿಡ್ ತಿರುವು

...ಈಗಲೇ ಬೇಡ, ಈಗಲೇ ಬೇಡ! ಗಾಳಿ ಮುಳ್ಳು ನೋಡು ಮೊದಲು. ಬ್ರೇಕಿಗೆ ಗಾಳಿ ತುಂಬದೇ ಹೊರಟ್ರೆ ಬೆಂಕಿ ಆರಿಸೋಕೆ ಹೋಗಲ್ಲ ನಾವು, ಎದುರಿನ ಪೋಸ್ಟಾಫೀಸ್ ಒಳಗೇ ಹೋಗಿ ನಿಲ್ತೀವಿ. ಹ್ಞಾಂ... ನೂರು... ನೂರಿಪ್ಪತ್ತು. ಈಗ ಬಿಡು. ಮೆಲ್ಲಗೆ. ತಡಿ ತಡಿ, ನನ್ನ ಬೆಲ್ಟು! ಒಳಗಿರೋ ಎಲ್ಲರೂ ಬೆಲ್ಟು ಹಾಕೋವರೆಗೂ ಚಕ್ರ ಒಂದಿಂಚೂ ತಿರುಗಬಾರದು...

ಯಾಕೆ ನಗ್ತೀಯಾ? ಹೊಟ್ಟೆ ಮೇಲೆ ಎಳೆಯೋಕೆ ಒದ್ದಾಡ್ತಿದೀನಿ ಅಂತಾನಾ? ನಗು, ನಗು. ಮೂವತ್ತು ವರ್ಷ ಈ ಊರಿನ ಬೆಂಕಿ ಆರಿಸಿ, ಊರಿನವರು ಹಾಕಿದ ಪ್ಯಾನ್‌ಕೇಕ್ ತಿಂದು ಬೆಳೆಸಿದ ಹೊಟ್ಟೆ ಕಣೆ ಇದು. ಸಂಬಳ ಅಂತ ಬಂದಿದ್ದು ಇಷ್ಟೇ.

ಹೊರಡು. ಬಲಗಡೆ ಕನ್ನಡಿ... ಎಡಗಡೆ... ಸರಿ. ರಸ್ತೆಗೆ ಬಂದ್ವಿ. ಚೆನ್ನಾಗಿ ತಿರುಗಿಸ್ದೆ. ನಿಮ್ಮಪ್ಪನ ಕೈಯೇ. ಸುಮ್ನೆ ಹೇಳ್ತಿಲ್ಲ ಹೆಲ್ಮಿ, ಚರ್ಚಿನ ಅಂಗಳದಲ್ಲಿ ನೀನು ಹಿಮ್ಮುಖವಾಗಿ ಈ ಆನೇನ ಆ ಕಂಬಗಳ ಮಧ್ಯೆ ತೂರಿಸಿದೆಯಲ್ಲ, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಒಂದು ಕಂಬಾನೂ ಮುಟ್ಟಲಿಲ್ಲ. ಇವತ್ತು ಈ ರಸ್ತೆ ಪರೀಕ್ಷೆ ಒಂದು ಮುಗಿದ್ರೆ ನಿನ್ನ ಪುಸ್ತಕಕ್ಕೆ ನನ್ನ ಸಹಿ ಬಿತ್ತು. ನಾಳೆಯಿಂದ ಟ್ಯಾಂಕರ್ ನಿನ್ನದು.

ಯಾರು ಯಾರು ಅಡ್ಡಗಾಲು ಹಾಕಿದ್ರು ಗೊತ್ತಾ? ಅಗ್ನಿಶಾಮಕ ದಳದ ಸಭೇಲಿ? ಆ ಕಾರ್ಲ್... "ಆರ್ವಿಡ್ ಮಗಳ ಕೈಗೆ ಟ್ಯಾಂಕರಾ? ಊರಲ್ಲಿ ಇನ್ನೊಂದು ತಿರುವಿಗೆ ಹೆಸರು ಹುಡುಕಬೇಕಾ?" ಅಂತ ಹಲ್ಲು ಕಿರಿದ. ನಾನು ಮೇಜು ಗುದ್ದಿದೆ. ಈ ವೆಂಡೆಲ್ ಇಲ್ಲಿ ಡ್ರೈವಿಂಗ್ ಕಲಿಸೋವರೆಗೂ ಅವಳು ಕಲಿತಾಳೆ, ಬೇಡ ಅನ್ನೋರು ಬೇರೆ ಮೇಷ್ಟ್ರನ್ನ ನೋಡ್ಕೊಳ್ಳಿ ಅಂದೆ. ಅಂದೆನೋ ಇಲ್ವೋ? ನಿನಗೆ ಯಾರಾದ್ರೂ ಹೇಳಿರ್ತಾರೆ.

...ಹೇಳಿಲ್ವಾ? ಇರಲಿ.

ಮೂವತ್ತೈದರಲ್ಲೇ ಇರು. ಮೂವತ್ತೈದು ಮೈಲಿ ಸಾಕು. ಸೈರನ್ ಹಾಕಿದ್ರೆ ರಸ್ತೆ ನಮ್ಮಪ್ಪಂದು ಅನ್ಕೋತಾರೆ ಹೊಸಬರು. ಸೈರನ್ ಅಂದ್ರೆ ದಾರಿ ಕೊಡಿ ಅಂತ ಕೇಳೋದು, ಅಷ್ಟೇ. ಕೊಡದೇ ಇದ್ರೆ ನಿಲ್ಲಬೇಕು. ನಾವು ತಲುಪದೇ ಹೋದ್ರೆ ಉರಿಯೋ ಮನೆ ಉರೀತಾನೇ ಇರುತ್ತೆ, ಜೊತೆಗೆ ನಮ್ಮನ್ನ ಎತ್ತೋಕೆ ಇನ್ನೊಂದು ಗಾಡಿ ಬರಬೇಕು. ಇದನ್ನ ನಿಂಗೆ ನಾನು... ಹ್ಞೂಂ. ನಿಂಗೆ ನಾನು ಹೇಳಬೇಕಿಲ್ಲ.

ಮಾತಾಡೇ ಒಂದೆರಡು. ಚಿಕ್ಕೋಳಿದ್ದಾಗ ವೆಂಡೆಲ್ ಮಾಮ, ವೆಂಡೆಲ್ ಮಾಮ ಅಂತ ತಲೆ ತಿಂತಿದ್ದೆ. ಇವತ್ತು ಬೆಳಗ್ಗೆಯಿಂದ ಬರೀ ತಲೆ ಆಡಿಸೋದು. ಟೈರು ನೋಡಿದ್ಯಾ? ತಲೆ. ದೀಪ ನೋಡಿದ್ಯಾ? ತಲೆ. ಏಣಿ ಹತ್ತಿ ಮುಚ್ಚಳ ತೆಗೆದು ನೀರು ಕಣ್ಣಲ್ಲಿ ನೋಡಿದ್ಯಾ? ಅದಕ್ಕೂ ತಲೆ. ನನ್ನ ಮೊಣಕಾಲು ಏಣಿ ಅಂದ್ರೆ ಅಳುತ್ತೆ, ಇಲ್ದಿದ್ರೆ ನಾನೇ ಹತ್ತಿ ನೋಡ್ತಿದ್ದೆ. ಹೋಗ್ಲಿ, ನಿನ್ನ ತಲೆ ನಂಬಿ 'ತುಂಬಿದೆ' ಅಂತ ತಪಾಸಣೆ ಹಾಳೇಲಿ ಗುರುತು ಹಾಕಿದೆ.

ಟ್ಯಾಂಕಿನ ವಿಷಯ ಮಾತ್ರ ಮರೀಬೇಡ. ಒಂದೋ ಬಾಯ್ತುಂಬ ತುಂಬಿರಬೇಕು, ಇಲ್ಲ ಒಣಗಿ ಖಾಲಿ ಇರಬೇಕು. ನಡುವೆ ಇರಬಾರದು. ತುಂಬಿದ ನೀರು ಮಗು ಥರ ಮಲಗಿರುತ್ತೆ. ಅರ್ಧ ಇದ್ರೆ ಆಡುತ್ತೆ. ಒಳಗೆ ಎಷ್ಟು ಅಡ್ಡಗೋಡೆ ಹಾಕಿದ್ರೂ ಆಡುತ್ತೆ. ಬ್ರೇಕ್ ಹಾಕಿದ್ರೆ ಹಿಂದಿನಿಂದ ಗುದ್ದುತ್ತೆ, ತಿರುಗಿಸಿದ್ರೆ ಪಕ್ಕಕ್ಕೆ ಹೊರಳುತ್ತೆ, ಗಾಡೀನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಅದಕ್ಕೇ ನಮ್ಮಲ್ಲಿ ವಾಡಿಕೆ, ಬೆಂಕಿಯಿಂದ ವಾಪಸ್ ಬಂದವನು ಟೋಪಿ ತೆಗೆಯೋ ಮುಂಚೆ ಟ್ಯಾಂಕ್ ತುಂಬಿಸಬೇಕು. ಊಟ ಆಮೇಲೆ. ಹೆಂಡ್ತಿ ಆಮೇಲೆ.

ಎಡಕ್ಕಾ? ಎಡಕ್ಕೆ ಯಾಕೆ? ಪರೀಕ್ಷೆ ಇರೋದು ಕೆರೆ ರಸ್ತೇಲಿ... ನಾನು ಬಲಕ್ಕೆ ಅಂತ ಹೇಳಿರಲಿಲ್ವಾ? ಸರಿ, ತಿರುಗಿಸಿಬಿಟ್ಟೆ. ಈ ದಾರೀನೂ ಊರಿಗೇ ಸೇರುತ್ತೆ. ಆದ್ರೆ... ಮುಂದೆ ಹಳೇ ಮರದ ಮಿಲ್ಲಿನ ಹತ್ತಿರ... ಆ ತಿರುವು ಬರುತ್ತೆ. ನಿಂಗೆ ಬೇಜಾರಿಲ್ವಾ? ನನಗೇನಿಲ್ಲಪ್ಪ. ನಿನಗಾಗುತ್ತೇನೋ ಅಂತ ಕೇಳ್ದೆ.

ಊರಿನೋರ ಬಾಯಿಗೆ ಬೀಗ ಹಾಕೋಕಾಗಲ್ಲ. ಒಂದು ಗಾಡಿ ಮಗುಚಿದ್ದಕ್ಕೆ ಒಂಬತ್ತು ವರ್ಷದಿಂದ ಅದನ್ನ ಆರ್ವಿಡ್ ತಿರುವು, ಆರ್ವಿಡ್ ತಿರುವು ಅಂತ... ಸ್ಕೂಲ್ ಬಸ್ಸಿನ ಮಕ್ಕಳೂ ಹಾಗೇ ಅಂತಾವೆ. ನೀನೂ ಆ ಬಸ್ಸಲ್ಲೇ ಹೋಗ್ತಿದ್ದೆ ಅಲ್ವಾ? ...ಹ್ಞಾಂ. ಆದ್ರೆ ಒಂದು ಮಾತು ಹೇಳ್ತೀನಿ ಹೆಲ್ಮಿ. ನಿಮ್ಮಪ್ಪ ಒಳ್ಳೇ ಡ್ರೈವರ್. ಆವತ್ತು ಸ್ವಲ್ಪ ಜೋರಾಗಿ ಹೋದ. ಅಷ್ಟೇ. ಮನೆ ಹೊತ್ತಿ ಉರೀತಿದೆ, ಒಳಗೆ ಮುದುಕಿ ಇದಾಳೆ ಅಂದ್ರೆ ಯಾರ ಕಾಲು ತಡೆಯುತ್ತೆ? ವಿಚಾರಣೆಯೋರು ಕೇಳಿದಾಗಲೂ ನಾನು ಇದನ್ನೇ ಹೇಳಿದ್ದು. ಒಳ್ಳೆಯೋನು ಸ್ವಾಮಿ, ಒಂಚೂರು ಜೋರಾಗಿ ಹೋದ ಅಂತ. ಅವನ ಪರವಾಗೇ ಹೇಳಿದ್ದು ನಾನು.

ಆ ಕಾಲು ಪುಡಿಯಾಯ್ತಲ್ಲ, ಅದಕ್ಕಿಂತ ಈ ಮಾತೇ ಅವನನ್ನ... ಟ್ರ್ಯಾಕ್ಟರ್ ಕೂಡ ಮುಟ್ಟಲ್ಲ ಈಗ. ಪ್ರತಿ ಭಾನುವಾರ ಹೋಗ್ತೀನಲ್ಲ ಇಸ್ಪೀಟಿಗೆ, ಎಲೆ ಹಂಚ್ತಾ ಹಂಚ್ತಾ ಇದ್ದಕ್ಕಿದ್ದಂಗೆ ಅಂತಾನೆ, "ವೆಂಡೆಲ್, ಎಷ್ಟು ಜೋರಾಗಿ ಹೋಗಿದ್ದೆನೋ ನಾನು? ಮುಳ್ಳು ನೋಡಿದ ನೆನಪಿದೆ. ಮೂವತ್ತೈದೇ ಇತ್ತು." ನಾನು ಏನು ಹೇಳ್ಲಿ? ಬಿಡೋ ಮಾರಾಯ, ಆಟ ಆಡು ಅಂತೀನಿ.

ನಿಧಾನ, ನಿಧಾನ. ತಿರುವಿನ ಹಳದಿ ಹಲಗೆ ಬಂತು ನೋಡು. ತಿರುವಿನೊಳಗೆ ಬ್ರೇಕ್ ಹಾಕೋದಲ್ಲ, ಮುಂಚೆನೇ... ಹ್ಞಾಂ, ಹಾಗೆ...

ಏ!

ಏನದು? ...ಇನ್ನೊಂದ್ಸಲ ಬ್ರೇಕ್ ತುಳಿ. ಮೆಲ್ಲಗೆ ತುಳಿ. ...ಅಯ್ಯೋ ದೇವರೇ. ತಿರುವಿಗೆ ಹೋಗಬೇಡ! ಹೆಲ್ಮಿ, ಹೋಗಬೇಡ, ನಿಲ್ಲಿಸು, ಪಕ್ಕಕ್ಕೆ ತಗೋ, ಟ್ಯಾಂಕು ಅರ್ಧ ಇದೆ ಕಣೆ! ತುಂಬಿಲ್ಲ! ನಿಲ್ಲಿಸೇ!

...ಉಫ್. ನಿಲ್ಲಿಸ್ದೆ. ಜಾಣೆ. ಕೈ ಬ್ರೇಕ್ ಎಳಿ. ನೋಡು, ಗಾಡಿ ನಿಂತ ಮೇಲೂ ಹಿಂದೆ ಹೇಗೆ ತೂಗ್ತಾ ಇದೆ... ಕೇಳಿಸ್ತಾ? ಏನೇ ಮಾಡಿಟ್ಟೆ ನೀನು? ಏಣಿ ಹತ್ತಿ ನೋಡಿದೆ ಅಂದೆ! ಕಣ್ಣಲ್ಲಿ ನೋಡಿದೆ ಅಂತ ತಲೆ ಆಡಿಸಿದೆ! ಇಪ್ಪತ್ತಕ್ಕೆ ಇಳಿಸಿದ್ದೆ, ಪುಣ್ಯ, ಮೂವತ್ತೈದರಲ್ಲಿ ನುಗ್ಗಿದ್ದಿದ್ರೆ ಇಬ್ಬರೂ ಅಲ್ಲಿ, ಆ ಹಳ್ಳದಲ್ಲಿ...

ಯಾಕೆ ಹಾಗೆ ನೋಡ್ತೀಯಾ?

ಬೇಕಂತಲೇ ಬಿಟ್ಯಾ ಅರ್ಧ? ...ಬೇಕಂತಲೇ? ತಲೆ ಕೆಟ್ಟಿದೆಯಾ ನಿಂಗೆ? ಇದು ಆಟದ ಸಾಮಾನಾ? ಏನು ತೋರಿಸಬೇಕು ಅಂತ ಹೊರಟೆ ನೀನು? ಆವತ್ತು ಅವನಿಗೂ ಹೀಗೇ ಹಿಂದಿನಿಂದ ಗುದ್ದಿ...

ಇಲ್ಲ. ಅಂದ್ರೆ... ಅವನಿಗೂ ಅಂದ್ರೆ, ಅವನು ಹಾಗೆ ಹೇಳ್ತಿದ್ದ ಅಂತ. ಮೊದಮೊದಲು ಹೇಳ್ತಿದ್ನಲ್ಲ ಆಸ್ಪತ್ರೇಲಿ, ನೀರು ತಳ್ಳಿತು, ನೀರು ತಳ್ಳಿತು ಅಂತ. ನಿಂಗೆ ಹತ್ತು ವರ್ಷ ಆಗ, ನೀನು ಅವನ ಪಕ್ಕದಲ್ಲೇ ಕೂತಿದ್ದೆ. ನೋವಿನ ಮದ್ದಿನ ಮಂಪರಲ್ಲಿ ಅಂತಿದಾನೆ ಅಂದ್ರು ಎಲ್ಲರೂ. ಆವತ್ತಿನ ಟ್ಯಾಂಕ್ ಒಡೆದು ನೀರೆಲ್ಲ ಹಳ್ಳಕ್ಕೆ ಹೋಗಿತ್ತು. ಎಷ್ಟಿತ್ತು ಅಂತ ಯಾರು ಅಳೀತಾರೆ? ಹಾಳೆ ಒಂದೇ ಸಾಕ್ಷಿ. ಹಾಳೇಲಿ ತುಂಬಿದೆ ಅಂತಿತ್ತು.

ಹೌದು. ನನ್ನ ಸಹಿನೇ.

ಹಿಂದಿನ ದಿನ ಶನಿವಾರ ನಾನೇ ತಂದು ನಿಲ್ಲಿಸಿದ್ದು. ಯಾರದೋ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಇದೆಲ್ಲ ನಿಂಗೆ ಗೊತ್ತಿರೋದೇ. ಅದಕ್ಕೂ ಇದಕ್ಕೂ ಏನು... ಹೊರಡೋಣ ನಡಿ. ಇಪ್ಪತ್ತರಲ್ಲೇ ತಗೋ, ಏನೂ ಆಗಲ್ಲ. ಸಹಿ ಹಾಕ್ತೀನಿ ಪುಸ್ತಕಕ್ಕೆ. ಈಗಲೇ ಹಾಕ್ತೀನಿ ಕೊಡು. ಪಾಸು. ಇವತ್ತಿನ ವಿಷಯ ಯಾರಿಗೂ ಹೇಳಲ್ಲ ನಾನು.

...ಹೆಲ್ಮಿ?

ಏನಾದ್ರೂ ಕೇಳೇ. ಬೈಯಿ. ಹಿಂಗೆ ಸುಮ್ನೆ ಕೂತು ನೋಡಬೇಡ.

...ಹೊರಗೆ ಇಳೀತೀನಿ ನಾನು. ನಡ್ಕೊಂಡು ಹೋಗ್ತೀನಿ. ಈ ಬಾಗಿಲು ಯಾಕೆ... ಬೆಲ್ಟು ಸಿಕ್ಕಾಕ್ಕೊಂಡಿದೆ. ಬಿಡ್ತಾ ಇಲ್ಲ ಇದು. ಛೀ. ಎಳೆದಷ್ಟೂ ಬಿಗಿಯಾಗ್ತಿದೆ.

ಚಳಿ ಇತ್ತು ಕಣೆ ಆವತ್ತು. ನವೆಂಬರ್. ನೀರು ತುಂಬೋ ಕೊಳಾಯಿ ಬಾಯಿ ಹೆಪ್ಪುಗಟ್ಟಿತ್ತು. ಬಿಸಿನೀರು ತಂದು ಹುಯ್ಯಬೇಕು, ಕಾಯಬೇಕು, ಒಂದು ಗಂಟೆ ಕೆಲಸ. ಬಟ್ಟೆಯೆಲ್ಲ ನೆನೆದು ಮೈಮೇಲೇ ಮಂಜಾಗಿತ್ತು. ಶನಿವಾರ ಬೇರೆ. ಮನೇಲಿ ಸೌನಾ ಸ್ನಾನದ ಒಲೆ ಮಧ್ಯಾಹ್ನದಿಂದ ಉರೀತಿತ್ತು, ಕಲ್ಲು ಕಾದಿರುತ್ತೆ, ಹೋಗಿ ಆ ಬೆಚ್ಚಗಿನ ಹಬೇಲಿ ಕೂತ್ಕೊಂಡುಬಿಟ್ರೆ ಸಾಕು ಅನ್ನಿಸಿತ್ತು. ಬೆಳಗ್ಗೆ ಬೇಗ ಬಂದು ತುಂಬಿಸೋಣ ಅಂದ್ಕೊಂಡೆ. ಅಲ್ಲೀವರೆಗೂ ಯಾರು ನೋಡ್ತಾರೆ... ಗುರುತು ಹಾಕಿದೆ. ತುಂಬಿದೆ ಅಂತ ಹಾಕಿದೆ. ಅರ್ಧ ಇತ್ತು. ಅರ್ಧಕ್ಕಿಂತ ಸ್ವಲ್ಪ ಕಡಿಮೆನೇ ಇತ್ತೇನೋ.

ಬೆಳಗ್ಗೆ ಆರಕ್ಕೇ ಬೆಂಕಿ ಗಂಟೆ ಹೊಡೀತು. ನಿಮ್ಮಪ್ಪನ ಮನೆ ಸ್ಟೇಷನ್ನಿಗೆ ಹತ್ತಿರ. ನನಗಿಂತ ಮುಂಚೆ ಬಂದ. ಹಾಳೆ ನೋಡಿದ, ನನ್ನ ಸಹಿ ನೋಡಿದ, ಹೊರಟ. ನನ್ನ ಸಹಿ ಅಂತಲೇ ಏಣಿ ಹತ್ತಲಿಲ್ಲ ಅವನು.

ಹೇಳಬೇಕು ಅಂತ ಆಸ್ಪತ್ರೆಗೆ ಹೋಗಿದ್ದೆ. ಆಣೆ ಮಾಡ್ತೀನಿ. ಬಾಗಿಲಲ್ಲಿ ನಿಂತಿದ್ದೆ, ಅಷ್ಟರಲ್ಲಿ ಅವನೇ ಅಂದ, "ನಾನು ಜೋರಾಗಿ ಹೋಗಿರಬೇಕು ಕಣೋ." ಅವನೇ ಅಂದ್ಮೇಲೆ... ಆ ಮುದುಕಿ ಸತ್ತಿದ್ಲು ಹೆಲ್ಮಿ. ನೀರಿನ ಗಾಡಿ ತಲುಪಲಿಲ್ಲ, ಅದಕ್ಕೇ ಸತ್ತಿದ್ಲು. ಆ ಭಾರ ನನ್ನ ಕೈಲಿ ಹೊರೋಕೆ ಆಗ್ತಿರಲಿಲ್ಲ. ಅವನು ಹೊತ್ಕೊಂಡ, ನಾನು ಬಿಟ್ಟುಬಿಟ್ಟೆ. ನಿಂಗೆ ಡ್ರೈವಿಂಗ್ ಕಲಿಸಿದ್ದು, ಮೇಜು ಗುದ್ದಿದ್ದು, ಭಾನುವಾರ ಭಾನುವಾರ ಹೋಗಿದ್ದು... ಎಲ್ಲ ಅದಕ್ಕೇ. ಅವನು ಗೆಲ್ಲಲಿ ಅಂತ ಎಷ್ಟು ಎಲೆ ಸುಮ್ನೆ ಕೈಬಿಟ್ಟಿದೀನಿ ಗೊತ್ತಾ?

ಆಯ್ತು. ಹೇಳಿದೆ. ನಿಂಗೆ ಹೇಳಿದೆನಲ್ಲ, ಸಾಕಲ್ವಾ?

...ಗೇರ್ ಹಾಕಿದ್ಯಾ? ಸರಿ. ನಿಧಾನ. ಹ್ಞಾಂ, ತಿರುವಲ್ಲಿ ಹೀಗೇ, ಹತ್ತರಲ್ಲಿ ಹೋಗು... ನೀರು ಆಡ್ತಿದೆ ನೋಡು... ಆಯ್ತು, ದಾಟಿದ್ವಿ. ಚೆನ್ನಾಗಿ ತಗೊಂಡೆ. ಈಗ ಬಲಕ್ಕೆ. ಸ್ಟೇಷನ್ ಬಲಕ್ಕೆ. ಹೆಲ್ಮಿ, ಬಲಕ್ಕೆ ಅಂದೆ... ಇದು ನಿಮ್ಮ ಮನೆ ದಾರಿ.

ಬೇಡ ಕಣೆ. ಇವತ್ತು ಬೇಡ. ನಾನೇ ಹೇಳ್ತೀನಿ, ಈ ಭಾನುವಾರ ಖಂಡಿತ ಹೇಳ್ತೀನಿ. ಒಬ್ಬನೇ ಹೋಗಿ ಕೂತು ಹೇಳ್ತೀನಿ. ಹಿಂಗೆ ಅವನ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿ... ಏನಾದ್ರೂ ಅನ್ನೇ!

ಅಗೋ, ಹೊರಗಡೇನೇ ಕೂತಿದಾನೆ. ಬಿಸಿಲು ಕಾಯಿಸ್ಕೊಳ್ತಾ. ಗಾಡಿ ಸದ್ದು ಕೇಳಿ ತಲೆ ಎತ್ತಿದ. ನೀನು ಪಾಸಾದೆ ಅಂತ ತೋರಿಸೋಕೆ ನಾನೇ ಕರ್ಕೊಂಡು ಬಂದೆ ಅಂದ್ಕೊಂಡಿದಾನೆ... ಕೈ ಬೀಸ್ತಿದಾನೆ. ನಿಂಗಲ್ಲ, ನನ್ನ ಕಡೆಗೆ. ನಗ್ತಿದಾನೆ ನೋಡು.

ಏಳಬೇಡ ಅಂತ ಹೇಳೇ ಅವನಿಗೆ... ಹೆಲ್ಮಿ, ಕಿಟಕಿ ಇಳಿಸಿ ಹೇಳೇ... ಕುರ್ಚಿ ಹಿಡ್ಕೊಂಡ... ಅಯ್ಯೋ, ಆ ಕಾಲಿಟ್ಕೊಂಡು ನನಗೋಸ್ಕರ ಎದ್ದು ನಿಂತ.